ಜೀತ ಅನ್ನೋ ಎರಡಕ್ಷರದ ಕಥೆ

ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವು ಮಾಡ್ಕೊಂಡು ಓದಿ.

ನಮ್ಮ ಕೋಲಾರ ಜಿಲ್ಲೇಲಿ ಒಂದೇ ಭಾಷೇಲಿ ಬದುಕೋರು ಕಡಿಮೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಕೇರಿಗಳಲ್ಲಿ ಮನೆಮಾತು ತೆಲುಗು, ಶಾಲೆ-ಕಚೇರಿ ಮಾತು ಕನ್ನಡ. ಮಾಲೂರು ದಾಟಿ ಹೊಸೂರು ಕಡೆ ಹೊರಟರೆ ತಮಿಳು. ಕೋಲಾರದ ಪೇಟೇಲಿ ಉರ್ದು. ಇಂಥ ನೆಲದಲ್ಲಿ ಒಂದು ಪದ ಮನೆಯಿಂದ ಕಚೇರಿಗೆ ಹೋಗೋಷ್ಟರಲ್ಲಿ ಅರ್ಥ ಬದಲಾಯಿಸಿಬಿಡುತ್ತೆ. ಜೀತ ಅನ್ನೋ ಪದವನ್ನೇ ತಗೊಳ್ಳಿ.

ನಾನು ಗುಮಾಸ್ತ. ತಿಂಗಳಿಗೊಂದ್ಸಲ ಸಂಬಳ ಬರುತ್ತೆ. ಮದನಪಲ್ಲಿ, ಪುಂಗನೂರು ಕಡೆಯ ನೆಂಟರು ಮದುವೇಲಿ ಸಿಕ್ಕಿದರೆ ಕೇಳೋದು ಒಂದೇ: "ನೀಕು ಜೀತಂ ಎಂತ ವಸ್ತುಂದಿ?" ಅವರ ಲೆಕ್ಕದಲ್ಲಿ ಅದು ಮರ್ಯಾದೆಯ ಪ್ರಶ್ನೆ. ತೆಲುಗಿನಲ್ಲಿ ಜೀತಂ ಅಂದ್ರೆ ಸಂಬಳ. ಬ್ಯಾಂಕ್ ಮ್ಯಾನೇಜರಿಗೂ ಜೀತಂ, ಕಲೆಕ್ಟರಿಗೂ ಜೀತಂ. ಅದೇ ಪದ ಕನ್ನಡದಲ್ಲಿ ಕೇಳಿದ್ರೆ ಮೈ ಉರಿಯುತ್ತೆ. ಕನ್ನಡದಲ್ಲಿ ಜೀತ ಅಂದ್ರೆ ಸಾಲಕ್ಕೆ ಅಪ್ಪ ತನ್ನನ್ನೋ ಮಗನನ್ನೋ ಗೌಡರ ಮನೇಲಿ ಬಿಟ್ಟು ಬರೋದು.

ಇನ್ನೂ ಉತ್ತರಕ್ಕೆ ಹೋಗಿ. ಹಿಂದಿಯಲ್ಲಿ ಜೀತ್ ಅಂದ್ರೆ ಗೆಲುವು. ಚುನಾವಣೆ ಫಲಿತಾಂಶದ ದಿನ ಟೀವಿ ತುಂಬಾ ಜೀತ್, ಜೀತ್. ಪಂಜಾಬಿನ ಸುರ್ಜೀತ್, ಮಂಜೀತ್ ಹೆಸರುಗಳಲ್ಲೂ ಇರೋದು ಅದೇ ಗೆಲುವು. ಅದರ ಬೇರು ಬೇರೆ, ಸಂಸ್ಕೃತದ 'ಜಿ', ಗೆಲ್ಲು. ನಮ್ಮ ಜೀತದ ಬೇರು 'ಜೀವಿತ', ಅಂದ್ರೆ ಬದುಕು. ಮಲಯಾಳಂನಲ್ಲಿ ಜೀವಿತಂ ಅಂದ್ರೆ ಇವತ್ತಿಗೂ ಬದುಕೇ. ಬೆನ್ಯಾಮಿನ್ ಅವರ 'ಆಡುಜೀವಿತಂ' ಕಾದಂಬರಿ 2008ರಲ್ಲಿ ಬಂತು, 2024ರಲ್ಲಿ ಸಿನಿಮಾ ಆಯ್ತು. ಆ ಹೆಸರಿಗೆ ಆಡಿನ ಬದುಕು ಅಂತ ಅರ್ಥ. ಗಲ್ಫಿನ ಮರಳುಗಾಡಲ್ಲಿ ಆಡು ಕಾಯೋಕೆ ಸಿಕ್ಕಿಬಿದ್ದವನ ಕಥೆ. ಅವನದ್ದು ಕನ್ನಡದ ಅರ್ಥದಲ್ಲೂ ಜೀತವೇ!

ಹಾಗಾದ್ರೆ ಬದುಕು ಅನ್ನೋ ಪದ ನಮ್ಮಲ್ಲಿ ಸಂಕೋಲೆ ಆಗಿದ್ದು ಹೇಗೆ?

ಹಳೇ ಕಾಲದಲ್ಲಿ ಜೀವಿತ ಅಂದ್ರೆ ಹೊಟ್ಟೆಪಾಡಿಗೆ ಕೊಟ್ಟದ್ದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಸೇವೆ ಮಾಡೋರಿಗೆ ಜೀವನಕ್ಕೆ ಅಂತ ಕೊಟ್ಟ ಭೂಮಿಗೂ ಜೀವಿತ ಅನ್ನೋ ಹೆಸರಿದೆ. ಕನ್ನಡದಲ್ಲಿ ಅದು ಸವೆದು ಜೀತ ಆಯ್ತು. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ ಜೀತಕ್ಕೆ ಕೂಲಿ, ಸಂಬಳ ಅನ್ನೋ ಅರ್ಥವೇ ಸಿಗುತ್ತೆ. ಅಂದ್ರೆ ಪದದಲ್ಲಿ ಹುಟ್ಟಿನಿಂದ ಕೊಳೆ ಇರಲಿಲ್ಲ.

ಕೊಳೆ ಬಂದದ್ದು ಕೊಡೋ ರೀತಿಯಿಂದ. ನಮ್ಮ ಹಿರಿಯರು ಹೇಳೋ ಲೆಕ್ಕ ಇದು: ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಮದುವೆಗೋ ಕಾಯಿಲೆಗೋ ಸಾವಿಗೋ ಮುಂಗಡ. ಕಾಗದ ಧಣಿ ಹತ್ರ, ಹೆಬ್ಬೆಟ್ಟು ನಮ್ಮದು. ವರ್ಷದ ಕೊನೇಲಿ ದುಡಿಮೆ ಬಡ್ಡಿಗೆ ಸರಿಹೋಗುತ್ತೆ, ಅಸಲು ಹಾಗೇ ಇರುತ್ತೆ. ಅಪ್ಪ ಸತ್ತರೆ ಮಗ. ದುಡಿಮೆಗೆ ಮುಂಚೆ ಸಾಲ ಬಂದು ಕೂತ ಮೇಲೆ ಕೂಲಿಯ ಹೆಸರೇ ಸಂಕೋಲೆಯ ಹೆಸರಾಯ್ತು. ತಿಂಗಳಿಗೆ ರೊಕ್ಕ ಎಣಿಸೋರಿಗೆ ಕನ್ನಡ 'ಸಂಬಳ' ಅನ್ನೋ ಬೇರೆ ಪದ ಇಟ್ಟುಕೊಳ್ತು. ಸಂಬಳದ ಮೂಲ ಅರ್ಥ ದಾರಿಬುತ್ತಿ. ಹೊರಟು ಹೋಗಬಲ್ಲವನಿಗೆ ಬುತ್ತಿ, ಹೋಗಲಾರದವನಿಗೆ ಜೀತ.

ತೆಲುಗಲ್ಲಿ ಪದ ಬಚಾವಾಯ್ತು ಅಂದ್ಕೋಬೇಡಿ. ತೆಲಂಗಾಣದ ಹಳ್ಳಿಗಳಲ್ಲಿ ಜೀತಂ ಜೊತೆ ಒಂದು 'ಗಾಡು' ಸೇರಿದ್ರೆ ಸಾಕು. ಜೀತಗಾಡು ಅಂದ್ರೆ ದೊರೆ ಮನೆಯ ವರ್ಷದಾಳು. ಆಫೀಸಲ್ಲಿ ಕೂತವನಿಗೆ ಜೀತಂ ಗೌರವ, ಹೊಲದಲ್ಲಿ ನಿಂತವನಿಗೆ ಅದೇ ಪದ ಹಣೆಪಟ್ಟಿ.

ಬಾಬಾಸಾಹೇಬರು ಹೋರಾಡಿದ ಮಹಾರ್ ವತನದ ಪ್ರಶ್ನೆಯೂ ಇದೇ ಜಾಡಿನದು. ಊರಿನ ಸೇವೆಗೆ ಅಂತ ಒಂದು ತುಂಡು ಭೂಮಿ, ಮನೆಮನೆಯ ಕಾಳು. ಅದಕ್ಕೆ ಹಗಲು ರಾತ್ರಿ ಇಡೀ ಕುಟುಂಬ ಕರೆದಾಗ ಹೋಗಬೇಕು. ನೋಡೋಕೆ ಇನಾಮು, ಒಳಗೆ ಗುಲಾಮಗಿರಿ. ಅದನ್ನು ಬದಲಾಯಿಸೋಕೆ ಅವರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮ ಕಡೆಯ ತೋಟಿ ಇನಾಮು ಅದರ ತಮ್ಮ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರೋವರೆಗೂ ಅದು ಕಾನೂನುಬದ್ಧವಾಗೇ ಇತ್ತು.

ಇನ್ನು ಜೀತದ ಕಾನೂನು. 1975ರ ಅಕ್ಟೋಬರ್ 25ರಿಂದ ಜೀತ ಪದ್ಧತಿ ದೇಶದಲ್ಲಿ ರದ್ದಾಯ್ತು. ಮೊದಲು ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಅದು ಸಿನಿಮಾ ಆಗಿದ್ದೂ 1975ರಲ್ಲೇ. ಸಾಲಕ್ಕೆ ದುಡಿದು ದುಡಿದು ಮುಗಿದುಹೋದ ಚೋಮನನ್ನು ತೆರೆ ಮೇಲೆ ನೋಡೋಕೂ ಕಾನೂನು ಬರೋಕೂ ಒಂದೇ ವರ್ಷ.

ಆ ಕಾಯ್ದೆಯ ಮೊದಲ ಪುಟಗಳಲ್ಲಿ ಒಂದು ಪಟ್ಟಿ ಇದೆ. ದಯವಿಟ್ಟು ಎಲ್ಲರೂ ಒಂದ್ಸಲ ಓದಿ. ಬೇರೆಬೇರೆ ರಾಜ್ಯಗಳಲ್ಲಿ ಬಲವಂತದ ದುಡಿಮೆಗೆ ಇರೋ ಹೆಸರುಗಳನ್ನು ಸಾಲಾಗಿ ಬರೆದಿದ್ದಾರೆ. ಅದರಲ್ಲಿ ಜೀತ ಇದೆ. ತೆಲುಗಿನ ಪಾಲೇರು ಇದೆ. ತಮಿಳಿನ ಪಡಿಯಾಳ್, ಪಣ್ಣೆಯಾಳ್ ಇದೆ. ವೆಟ್ಟಿ ಇದೆ, ಅಂದ್ರೆ ನಮ್ಮ ಬಿಟ್ಟಿ. ಕೇರಳದ ಚೆರುಮರ್ ಇದೆ. ಜೊತೆಗೆ 'ಹೋಲ್ಯ' ಅಂತಲೂ ಇದೆ. ಇಂಗ್ಲಿಷ್ ಕಾಗುಣಿತ ಬಿಡಿಸಿ ಓದಿದರೆ ಕಾಣೋದು ಹೊಲೆಯ. ಒಂದು ಜಾತಿಯ ಹೆಸರನ್ನೇ ದುಡಿಸಿಕೊಳ್ಳೋ ಪದ್ಧತಿಯ ಹೆಸರು ಅಂತ ದೇಶದ ಕಾಯ್ದೆ ಬರೆದುಕೊಂಡಿದೆ! ಇಷ್ಟಾದ ಮೇಲೂ ಜೀತಕ್ಕೂ ಜಾತಿಗೂ ಸಂಬಂಧ ಇಲ್ಲ ಅನ್ನೋರಿಗೆ ಆ ಪಟ್ಟಿ ತೋರಿಸಿ.

ಇದೆಲ್ಲ ನಿಘಂಟಿನ ಚರ್ಚೆ, ಇವತ್ತಿಗೆ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಅಧಿಕಾರಿಗಳು ಸಮೀಕ್ಷೆಗೆ ಬಂದಾಗ ಧಣಿ ಏನಂತಾರೆ ಗೊತ್ತಲ್ಲ? "ಜೀತ ಎಲ್ಲಿದೆ ಸ್ವಾಮಿ, ಸಂಬಳಕ್ಕೆ ಇದ್ದಾನೆ." ಆಳು ತೆಲುಗಿನವನಾದ್ರೆ ಅವನೂ ನಿಜವಾಗ್ಲೂ "ಜೀತಾನಿಕಿ ಉನ್ನಾನು" ಅಂತಾನೆ. ಸಂಬಳಕ್ಕೆ ಇದ್ದೀನಿ ಅನ್ನೋದು ಅವನ ಅರ್ಥ. ಫಾರಂ ತುಂಬೋರು ಕನ್ನಡದಲ್ಲಿ ಏನು ಬರೀತಾರೆ ಅನ್ನೋದರ ಮೇಲೆ ಒಂದು ಕುಟುಂಬದ ಹಣೆಬರಹ ನಿಲ್ಲುತ್ತೆ. ಇಟ್ಟಿಗೆ ಗೂಡಲ್ಲಿ ಕೇಳಿದ್ರೆ ಅಲ್ಲಿ ಜೀತ ಅನ್ನೋ ಪದವನ್ನೇ ಯಾರೂ ಬಳಸಲ್ಲ. ಅಡ್ವಾನ್ಸ್ ಅಂತಾರೆ. ಒಡಿಶಾದಿಂದ ಬಂದವನಿಗೆ ನಮ್ಮ ಜೀತವೂ ಗೊತ್ತಿಲ್ಲ, ಜೀತಂ ಕೂಡ ಗೊತ್ತಿಲ್ಲ.

ಅದಕ್ಕೇ ಸಂಘಟನೆಯ ಹುಡುಗರಿಗೆ ನಾನು ಹೇಳೋದು, ಪದ ಕೇಳಬೇಡಿ, ನಾಲ್ಕು ಪ್ರಶ್ನೆ ಕೇಳಿ. ಮುಂಗಡ ಎಷ್ಟು ಕೊಟ್ಟಿದ್ದಾರೆ? ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋಗೋಕೆ ಬಿಡ್ತಾರಾ? ಊರಿಗೆ ಹೋಗಿಬರೋಕೆ ಬಿಡ್ತಾರಾ? ಕೈಗೆ ಬರೋದು ಸರ್ಕಾರದ ಕನಿಷ್ಠ ಕೂಲಿಗಿಂತ ಕಡಿಮೆಯಾ? 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆಯೇ. ಹಸಿವು, ಬಡತನ ಕೂಡ ಬಲವಂತವೇ ಅಂತ ಒಪ್ಪಿಕೊಂಡ ತೀರ್ಪು ಅದು. ಉತ್ತರ ಬರೆದುಕೊಂಡು, ದಿನಾಂಕ ಹಾಕಿ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಿಡುಗಡೆ ಪತ್ರ ಸಿಕ್ಕಿದ ಮೇಲೆ ಹಳೇ ಸಾಲ ಕಾನೂನಿನಲ್ಲಿ ಸತ್ತ ಹಾಗೆ. ಅದನ್ನು ಯಾರೂ ಕೇಳೋ ಹಾಗಿಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಸಜೆ ಇದೆ.

ನಮ್ಮ ಮಕ್ಕಳು ಹಿಂದಿ ಹಾಡು ಕೇಳ್ತಾ ಜೀತ್ ಅಂದ್ರೆ ಗೆಲುವು ಅಂತ ಕಲಿತಿದ್ದಾರೆ. ಕಲೀಲಿ. ಅವರ ಮುತ್ತಾತ ಇದೇ ಪದಕ್ಕೆ ಎಷ್ಟು ಯುಗಾದಿ ಕಳೆದ ಅನ್ನೋದನ್ನೂ ಮನೇಲಿ ಕೂರಿಸಿಕೊಂಡು ಹೇಳಿ.

ನಿಮ್ಮ ಊರಲ್ಲಿ, ನಿಮ್ಮ ಮನೆಮಾತಲ್ಲಿ ವರ್ಷದಾಳಿಗೆ ಏನಂತಿದ್ರು? ಹಿರಿಯರನ್ನು ಕೇಳಿ, ಕೆಳಗೆ ಬರೀರಿ. ನಮ್ಮದೇ ಒಂದು ಪಟ್ಟಿ ಮಾಡೋಣ.

ಜೈ ಭೀಮ್.