ಎಳೆಯರ ಕೈ ನಡುಕ: ಒಂದು ಕಾಯಿಲೆಯ ಚರಿತ್ರೆ

ನಾನು ಹೊಸೂರು ಸೀಮೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬನ ಅಕ್ಷರ ಬರಬರುತ್ತಾ ಕೆಟ್ಟಿತು. ಗುಂಡಗೆ ಬರೀತಿದ್ದವನು ಗೆರೆ ಬಿಟ್ಟು ಗೀಚತೊಡಗಿದ. ನೀರಿನ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಸೋಮಾರಿತನ ಅಂತ ನಾನು ಬೈದೆ. ಮನೆಯವರು ತಾಯತ ಕಟ್ಟಿಸಿದರು. ಡಾಕ್ಟರೊಬ್ಬರು ನರದ ವೀಕ್‌ನೆಸ್ಸು ಅಂತ ಟಾನಿಕ್ಕು ಬರೆದುಕೊಟ್ಟರು. ಹೀಗೇ ಎರಡು ವರ್ಷ ಹೋಯಿತು. ಕೊನೆಗೆ ಬೆಂಗಳೂರಿನಲ್ಲಿ ಡಾಕ್ಟರು ಕೈ ನೋಡಿ, ಆಮೇಲೆ ಕಣ್ಣಿಗೆ ಬೆಳಕು ಹಾಯಿಸಿ ನೋಡಿದರು. ವಿಲ್ಸನ್ ಕಾಯಿಲೆ ಅಂದರು. ನಡುಗೋದು ಕೈ, ನೋಡೋದು ಕಣ್ಣು ಯಾಕೆ? ಅದನ್ನು ತಿಳಿಯಲು ಹೋದಾಗ ಸಿಕ್ಕ ಚರಿತ್ರೆ ಇದು.

1902ರಲ್ಲಿ ಜರ್ಮನಿಯ ಕೈಸರ್, 1903ರಲ್ಲಿ ಫ್ಲೈಶರ್ ಎಂಬ ಕಣ್ಣಿನ ವೈದ್ಯರು ಕೆಲವು ರೋಗಿಗಳ ಕರಿಗುಡ್ಡೆಯ ಅಂಚಿನಲ್ಲಿ ಹಸಿರುಗಂದು ಉಂಗುರವೊಂದನ್ನು ಕಂಡು ಬರೆದಿಟ್ಟರು. ಅದು ಯಾತರದ್ದು ಅಂತ ಆಗ ಗೊತ್ತಾಗಲಿಲ್ಲ. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ನರವೈದ್ಯರು ಕೈಕಾಲು ನಡುಗಿ, ಮಾತು ತೊದಲಿ, ಮೈ ಸೆಟೆದು ಸಾಯುತ್ತಿದ್ದ ಎಳೆಯರ ಬಗ್ಗೆ ದೊಡ್ಡ ಪ್ರಬಂಧ ಬರೆದರು. ಸತ್ತವರ ಮಿದುಳಿನ ಒಳಭಾಗ ಹಾಳಾಗಿತ್ತು, ಜೊತೆಗೆ ಲಿವರ್ ಗಟ್ಟಿಕಟ್ಟಿತ್ತು. ಒಂದೇ ಮನೆಯ ಅಣ್ಣತಮ್ಮ ಅಕ್ಕತಂಗಿಯರಿಗೆ ಬರುವುದನ್ನೂ ಅವರು ಗಮನಿಸಿದರು. 1937ರಲ್ಲಿ ಅವರು ತೀರಿಕೊಂಡಾಗಲೂ ಇದಕ್ಕೆ ಮದ್ದಿರಲಿಲ್ಲ.

1948ರಲ್ಲಿ ಕಮಿಂಗ್ಸ್ ಎಂಬುವರು ಇಂಥ ರೋಗಿಗಳ ಮಿದುಳಿನಲ್ಲೂ ಲಿವರ್‌ನಲ್ಲೂ ತಾಮ್ರ ವಿಪರೀತ ಸೇರಿರುವುದನ್ನು ಅಳೆದು ತೋರಿಸಿದರು. ಕಣ್ಣಿನ ಉಂಗುರವೂ ತಾಮ್ರದ್ದೇ. ನಾವು ತಿನ್ನುವ ಅನ್ನ, ಕಾಳುಗಳಲ್ಲಿ ಚೂರು ತಾಮ್ರ ಇದ್ದೇ ಇರುತ್ತದೆ. ಹೆಚ್ಚಾದದ್ದನ್ನು ಲಿವರ್ ಪಿತ್ತದ ಜೊತೆ ಹೊರಹಾಕುತ್ತದೆ. ಈ ಮಕ್ಕಳಲ್ಲಿ ಆ ಕೆಲಸ ನಡೆಯುವುದಿಲ್ಲ. ತಾಮ್ರದ ಚೊಂಬಿನಿಂದ ಬಂದ ಕಾಯಿಲೆ ಇದಲ್ಲ, ಆದರೆ ಬಂದವರು ಆ ಚೊಂಬಿನ ನೀರು ಕುಡಿಯಬಾರದು.

1956ರಲ್ಲಿ ಜಾನ್ ವಾಲ್ಶ್ ಎಂಬ ಇಂಗ್ಲೆಂಡಿನ ವೈದ್ಯರು ಪೆನಿಸಿಲಮೀನ್ ಎಂಬ ಮಾತ್ರೆಯಿಂದ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸಬಹುದು ಅಂತ ತೋರಿಸಿದರು. ಸತುವಿನ ಔಷಧಿ ಆಮೇಲೆ ಬಂತು. ಸಾವೇ ಗತಿ ಅನ್ನಿಸಿಕೊಂಡಿದ್ದ ಕಾಯಿಲೆಗೆ ಹೀಗೆ ಮದ್ದು ಸಿಕ್ಕಿತು. ಆದರೆ ಅದನ್ನು ಜೀವಮಾನವಿಡೀ ತಗೋಬೇಕು, ವಾಸಿಯಾಯ್ತು ಅಂತ ಬಿಟ್ಟರೆ ಜೀವಕ್ಕೇ ಅಪಾಯ.

1993ರಲ್ಲಿ ಇದರ ಜೀನ್ ಪತ್ತೆಯಾಯಿತು. ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಅಂಥ ತಂದೆತಾಯಿಯ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಸಂಭವ. ಸೋದರಮಾವನಿಗೋ ಅತ್ತೆಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ನೆನಪಿಡಬೇಕು. ಹೊಸೂರು ರಸ್ತೆಯಲ್ಲೇ ಇರುವ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಇದು ದೂರದ ಲಂಡನ್ನಿನ ಕಥೆ ಮಾತ್ರ ಅಲ್ಲ.

ಕೈ ನಡುಗಿದವರಿಗೆಲ್ಲ ಇದೇ ಕಾಯಿಲೆ ಅಂತ ಹೆದರಬೇಡಿ. ಇದು ಅಪರೂಪ. ಥೈರಾಯ್ಡ್, ಉಬ್ಬಸದ ಔಷಧಿ, ಭಯ, ವಂಶದಲ್ಲೇ ಬರುವ ಸಾಧಾರಣ ನಡುಕ, ಹೀಗೆ ಕಾರಣ ಹಲವು. ಆದರೆ ನಡುಕದ ಜೊತೆ ಅಕ್ಷರ ಕೆಟ್ಟು, ಮಾತು ತೊದಲಿ, ಸ್ವಭಾವ ಬದಲಾದರೆ, ಹಿಂದೆ ಕಾಮಾಲೆ ಬಂದಿದ್ದರೆ, ಕಣ್ಣಿನ ಪರೀಕ್ಷೆ, ರಕ್ತದ ಮತ್ತು ಮೂತ್ರದ ತಾಮ್ರದ ಪರೀಕ್ಷೆ ಆಗಬೇಕು.

ಆ ಹುಡುಗನ ತಂಗಿಗೆ ನಡುಕವೇ ಇರಲಿಲ್ಲ. ಆದರೂ ಡಾಕ್ಟರು ಅವಳನ್ನೂ ಪರೀಕ್ಷಿಸಿದರು, ಕಾಯಿಲೆ ಅವಳಲ್ಲೂ ಇತ್ತು. ಮೊದಲೇ ಮಾತ್ರೆ ಶುರುವಾದ್ದರಿಂದ ಅವಳ ಕೈ ಇವತ್ತಿಗೂ ನಡುಗಿಲ್ಲ. ಅಣ್ಣನ ಮಾತು ಸುಧಾರಿಸಿತು, ಅಕ್ಷರ ಪೂರ್ತಿ ಮರಳಲಿಲ್ಲ. ಆ ಎರಡು ವರ್ಷದಲ್ಲಿ ನನ್ನ ಪಾಲೂ ಇದೆ. ಮೇಷ್ಟ್ರುಗಳೇ, ಮಗುವಿನ ಅಕ್ಷರ ಕೆಟ್ಟರೆ ಬೈಯುವ ಮುಂಚೆ ಒಂದ್ಸಲ ಅದರ ಕೈ ನೋಡಿ.