ಬೊಂಬಾಯಿಯ ಹೊತ್ತು, ಕಲ್ಕತ್ತೆಯ ಹೊತ್ತು

ದೂರದ ನಗರದಲ್ಲಿರುವ ಮಿತ್ರನೊಡನೆ “ನಾಳೆ ಹತ್ತು ಗಂಟೆಗೆ ಮಾತನಾಡೋಣ” ಎಂದು ಗೊತ್ತುಮಾಡಿಕೊಳ್ಳುವಾಗ, ಅದು ಯಾರ ಹತ್ತು ಗಂಟೆ ಎಂಬ ಸಂದೇಹವು ನಮ್ಮ ದೇಶದೊಳಗೆ ನಮಗೆ ಹುಟ್ಟುವುದಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಈ ಸಂದೇಹವು ತೀರ ಸಹಜವಾಗಿದ್ದಿತು. ಅದು ಹೇಗೆ ತೊಲಗಿತು, ತೊಲಗುವಾಗ ಯಾರಿಗೆ ನೋವಾಯಿತು ಎಂಬುದನ್ನು ಇಂದು ಕೊಂಚ ವಿಚಾರಿಸೋಣ.

ಭೂಮಿಯು ಒಂದು ಅಂಶದಷ್ಟು ತಿರುಗುವುದಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ. ಆದುದರಿಂದ ಮೂಡಲ ಊರಿಗೆ ಮಧ್ಯಾಹ್ನವು ಮೊದಲು, ಪಡುವಲ ಊರಿಗೆ ತರುವಾಯ. ಈ ಸಂಗತಿ ನಮ್ಮ ಜ್ಯೋತಿಷಿಗಳಿಗೆ ಹೊಸದಲ್ಲ; ಉಜ್ಜಯಿನಿಯ ಮಧ್ಯರೇಖೆಯಿಂದ ತಮ್ಮ ಊರಿಗೆ ದೇಶಾಂತರ ಸಂಸ್ಕಾರ ಮಾಡಿಯೇ ಅವರು ಪಂಚಾಂಗವನ್ನು ಗುಣಿಸುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಮಾತ್ರ ಇದರಿಂದ ಯಾವ ಬಾಧೆಯೂ ಇರಲಿಲ್ಲ. ಹೋದ ಊರಿನ ಸೂರ್ಯನೇ ಅವನ ಗಡಿಯಾರ.

ತೊಡಕು ಬಂದದ್ದು ತಂತಿಯಿಂದ. ಬೊಂಬಾಯಿಯ ಸ್ಥಳೀಯ ಕಾಲವು ಗ್ರೀನಿಚ್ ಕಾಲಕ್ಕಿಂತ 4 ಗಂಟೆ 51 ನಿಮಿಷ ಮುಂದೆ. ಕಲ್ಕತ್ತೆಯದು ಸುಮಾರು 5 ಗಂಟೆ 53 ನಿಮಿಷ ಮುಂದೆ. ಎರಡಕ್ಕೂ ನಡುವೆ ಒಂದು ಗಂಟೆ ಎರಡು ನಿಮಿಷದ ಅಂತರ. ಕಲ್ಕತ್ತೆಯಿಂದ ಮಧ್ಯಾಹ್ನ ಹನ್ನೆರಡಕ್ಕೆ ಹೊರಟ ತಂತಿ ಇಪ್ಪತ್ತು ನಿಮಿಷಗಳಲ್ಲಿ ಬೊಂಬಾಯಿಯನ್ನು ಮುಟ್ಟಿದರೆ, ಅಲ್ಲಿಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹದಿನೆಂಟು ನಿಮಿಷ. ಕಳುಹಿಸುವುದಕ್ಕೆ ಮುಂಚೆಯೇ ಉತ್ತರ ಬರೆಯಬಹುದು! ಕಲ್ಕತ್ತೆಯ ವರ್ತಕನು ಹತ್ತಕ್ಕೆ ಕಛೇರಿಯ ಬಾಗಿಲು ತೆರೆದು ಬೊಂಬಾಯಿಯವನೊಡನೆ ವ್ಯವಹಾರಕ್ಕೆ ಕುಳಿತನೆನ್ನಿ. ಆತನು ಇನ್ನೂ ಮನೆಯಲ್ಲಿ ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿರಬಹುದು. ಇಬ್ಬರೂ ಹತ್ತರಿಂದ ಐದರವರೆಗೆ ಕಛೇರಿ ನಡೆಸಿದರೆ ಇಬ್ಬರಿಗೂ ಒದಗುವ ವೇಳೆಯಲ್ಲಿ ಒಂದು ಗಂಟೆ ನಷ್ಟವೇ.

1870ರಲ್ಲಿ ಇವೆರಡು ನಗರಗಳ ಹಳಿಗಳೂ ಜಬಲ್ಪುರದಲ್ಲಿ ಕೂಡಿದವು. ರೈಲ್ವೆಯವರು ಊರೂರಿನ ಸೂರ್ಯನನ್ನು ಅನುಸರಿಸಿ ವೇಳಾಪಟ್ಟಿ ಮಾಡುವುದು ಸಾಧ್ಯವಿರಲಿಲ್ಲ; ಮದರಾಸಿನ ಕಾಲವನ್ನೇ ಹಿಡಿದರು. ಅಲ್ಲಿ 1792ರಲ್ಲಿಯೇ ಸ್ಥಾಪಿತವಾದ ವೀಕ್ಷಣಾಲಯವಿದ್ದಿತು. ಅದಕ್ಕಿಂತ ಮುಖ್ಯವಾಗಿ, 5 ಗಂಟೆ 21 ನಿಮಿಷದ ಆ ಕಾಲವು ಬೊಂಬಾಯಿಗೂ ಕಲ್ಕತ್ತೆಗೂ ಹೆಚ್ಚು ಕಡಮೆ ನಟ್ಟನಡುವೆ ಬೀಳುತ್ತಿದ್ದಿತು. ನಮ್ಮ ಬೆಂಗಳೂರಿನ ದಂಡಿಗೆ 1864ರಲ್ಲಿ ಜೋಲಾರಪೇಟೆಯಿಂದ ಬಂದ ರೈಲೂ ಮದರಾಸಿನ ಕಡೆಯದೇ. ಬೆಂಗಳೂರಿನ ಸೂರ್ಯನಿಗಿಂತ ಮದರಾಸಿನ ಗಡಿಯಾರವು ಸುಮಾರು ಹನ್ನೊಂದು ನಿಮಿಷ ಮುಂದೆ. ನೆರಳನ್ನು ನಂಬಿ ನಿಲ್ದಾಣಕ್ಕೆ ಹೊರಟವನಿಗೆ ಬಂಡಿಯ ಹೊಗೆಯಷ್ಟೇ ದಕ್ಕುವಂತಿದ್ದಿತು.

ಮಧ್ಯಸ್ಥನಾದವನು ಇಬ್ಬರಿಗೂ ಬೇಡವಾಗುವುದುಂಟು. 1881ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ನರ ಆಡಳಿತದಲ್ಲಿ ಬೊಂಬಾಯಿಯ ಸರ್ಕಾರದವರು ತಮ್ಮ ಕಛೇರಿಗಳಿಗೆ ಮದರಾಸಿನ ಕಾಲವನ್ನು ವಿಧಿಸಿದರು. ವ್ಯತ್ಯಾಸ ಅರ್ಧ ಗಂಟೆ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಗಳಿಗೆ. ಅಷ್ಟಕ್ಕೇ ನಗರವೆಲ್ಲ ಮುನಿಯಿತು. ಬೇರೊಂದು ಪಟ್ಟಣದ ಮಧ್ಯಾಹ್ನವನ್ನು ನಾವೇಕೆ ಹೊರಬೇಕು ಎಂಬ ಅಭಿಮಾನವೂ, ನಮ್ಮನ್ನು ಕೇಳದೆ ಮಾಡಿದರು ಎಂಬ ಅಸಮಾಧಾನವೂ ಬೆರೆತಿದ್ದವು. 1883ರಲ್ಲಿ ಸರ್ಕಾರವು ಹಿಂದೆಗೆಯಿತು. ಇದನ್ನು ಬರಿಯ ಹಟವೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ.

ಏಕೆಂದರೆ ಮುಂದಿನ ಕಥೆಯಲ್ಲಿ ಅಭಿಮಾನಕ್ಕಿಂತ ಭಾರವಾದುದೊಂದಿದೆ. 1906ರ ಜನವರಿ 1ರಿಂದ ಸರ್ಕಾರವು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿನ ಹೊಸ ಕಾಲವನ್ನು ಜಾರಿಗೆ ತಂದಿತು. ಕಾಶಿಗೆ ಸಮೀಪದ ಮಿರ್ಜಾಪುರದ ಬಳಿ ಹಾಯುವ ರೇಖೆ ಅದರ ಆಧಾರ. ಯಾವ ರಾಜಧಾನಿಯ ಹೆಸರೂ ಅದಕ್ಕಿಲ್ಲ. ಇದರಿಂದ ಕಲ್ಕತ್ತೆಯ ಗಡಿಯಾರವು ಹೆಚ್ಚು ಕಡಮೆ ಒಂದು ಗಳಿಗೆಯಷ್ಟು, ಅಂದರೆ ಸುಮಾರು ಇಪ್ಪತ್ತುಮೂರು ನಿಮಿಷ ಹಿಂದಕ್ಕೆ ಸರಿಯಬೇಕಾಯಿತು. ಬೊಂಬಾಯಿಯದು ಮೂವತ್ತೊಂಬತ್ತು ನಿಮಿಷ ಮುಂದಕ್ಕೆ. ಕಛೇರಿಯ ಗುಮಾಸ್ತನಿಗೆ ಇದು ಅಂಕಿಯ ಮಾತು. ಗಿರಣಿಯ ಕೂಲಿಗಾರನಿಗೆ ಹಾಗಲ್ಲ. ಹೊಸ ಗಡಿಯಾರದ ಆರು ಗಂಟೆಗೆ ಕೂಗಿದ ಸಿಳ್ಳು ಅವನ ಹಳೆಯ ಲೆಕ್ಕದಲ್ಲಿ ಐದು ಗಂಟೆ ಇಪ್ಪತ್ತೊಂದು ನಿಮಿಷಕ್ಕೇ ಕೂಗಿದಂತೆ. ಜನವರಿ ತಿಂಗಳ ಕತ್ತಲೆಯಲ್ಲಿ ಅಷ್ಟು ನಿದ್ದೆಯನ್ನು ಕಸಿದುಕೊಂಡವರು ಯಾರು ಎಂದು ಅವನು ಕೇಳಿದನು. ಆ ತಿಂಗಳ ಮೊದಲ ವಾರದಲ್ಲಿಯೇ ಸಾವಿರಾರು ಕೂಲಿಗಾರರು ಕೆಲಸ ಬಿಟ್ಟು ಗಿರಣಿಗಳ ಮೇಲೆ ಕಲ್ಲು ತೂರಿದರು. ಎರಡು ನಗರಗಳ ದೊಡ್ಡ ಮನುಷ್ಯರು ಪರಸ್ಪರ ಹೊತ್ತು ಗೊತ್ತುಮಾಡಿಕೊಳ್ಳುವುದಕ್ಕೆ ಸುಂಕ ತೆತ್ತವರು ಇವರು.

ನಗರಸಭೆಯಲ್ಲಿಯೂ ಹೊಸ ಕಾಲಕ್ಕೆ ಪ್ರಬಲವಾದ ವಿರೋಧವಿದ್ದಿತು. ರೈಲು, ತಂತಿ, ಸರ್ಕಾರದ ಕಛೇರಿಗಳು ಹೊಸ ಕಾಲವನ್ನು ನಡೆಸಿದುವು. ಊರಿನ ಬಹುಭಾಗವು ಹಳೆಯದನ್ನೇ ಉಳಿಸಿಕೊಂಡಿತು. ಕಲ್ಕತ್ತೆಯೂ ತನ್ನ ಕಾಲವನ್ನು ಬಿಟ್ಟುಕೊಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರ ತನಕ, ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಳ್ಳಲಾಯಿತು. ಆಗ ಹಳೆಯ ಬೊಂಬಾಯಿ ಕಾಲಕ್ಕೂ ಸರ್ಕಾರದ ಕಾಲಕ್ಕೂ ನಡುವೆ ಒಂದು ಗಂಟೆ ಮೂವತ್ತೊಂಬತ್ತು ನಿಮಿಷ! ಎರಡು ನಗರಗಳ ನಡುವಣ ತಕರಾರು ಒಂದೇ ನಗರದೊಳಗೆ, ಒಂದೇ ಬೀದಿಯೊಳಗೆ ಬಂದು ಕುಳಿತಿತು.

ಸ್ವಾತಂತ್ರ್ಯ ಬಂದ ಮೇಲೂ ಕೆಲವು ಕಾಲ ಇದು ಸಾಗಿತು. ಅಷ್ಟು ವರ್ಷವೂ ಬೊಂಬಾಯಿಯಲ್ಲಿ ಒಂದು ಸಭೆಗೋ ಮದುವೆಯ ಊಟಕ್ಕೋ ಕರೆಯುವವರು ಆಹ್ವಾನಪತ್ರಿಕೆಯಲ್ಲಿ ಗಂಟೆಯನ್ನು ಬರೆದು ಸುಮ್ಮನಾಗುವಂತಿರಲಿಲ್ಲ, ಅದರ ಪಕ್ಕದಲ್ಲಿ “ಎಸ್. ಟಿ.” ಎಂದೋ “ಬಿ. ಟಿ.” ಎಂದೋ ಎರಡಕ್ಷರ ಸೇರಿಸಬೇಕಾಗಿತ್ತು. ಮರೆತರೆ, ಅತಿಥಿಗಳಲ್ಲಿ ಅರ್ಧ ಮಂದಿ ಬಂದು ಮೂವತ್ತೊಂಬತ್ತು ನಿಮಿಷ ಕಾದ ಮೇಲೆ ಉಳಿದರ್ಧ ಮಂದಿ ಬರುತ್ತಿದ್ದರು.