ರುಜುವಿಗೆ ಮುಂಚಿನ ಒಂದು ದಿನ

ನಮ್ಮ ತಾಯಲೂರಿನ ಕಡೆ ಪಂಚಾಯಿತಿಯ ಮುಖ್ಯಸ್ಥನ ಹೆಸರು ಕಾಯಿದೆಯ ಜೊತೆಜೊತೆಗೇ ಬದಲಾಗುತ್ತ ಬಂತು. 1959ರ ಕಾಯಿದೆಯಲ್ಲಿ ಛೇರ್ಮನ್, 1983ರದರಲ್ಲಿ ಪ್ರಧಾನ, 1993ರಿಂದೀಚೆಗೆ ಅಧ್ಯಕ್ಷ. ಹೆಸರು ಯಾವುದೇ ಇರಲಿ, ಅರಳಿಕಟ್ಟೆಯ ಮೇಲೆ ಕೂತವರು ಅವನನ್ನು ಅಳೆಯುತ್ತಿದ್ದ ಅಳತೆ ಯಾವ ಕಾಯಿದೆಯಲ್ಲೂ ಇರಲಿಲ್ಲ. ದಾಯಾದಿಯ ವ್ಯಾಜ್ಯ ಬಂದಾಗ ಎದ್ದು ಆಚೆ ಹೋದನೋ ಇಲ್ಲವೋ, ಸೆಕ್ರೆಟರಿ ಚಾಚಿದ ಕಾಗದವನ್ನು ಓದಿ ರುಜು ಮಾಡಿದನೋ ಸುಮ್ಮನೆ ಗೀಚಿದನೋ ಎಂಬುದೇ ಅಲ್ಲಿನ ಮಾತು. ಚರಂಡಿ, ಬೀದಿದೀಪ ಎಲ್ಲ ಮಾಡಿಸಿದವನೂ ಈ ಪರೀಕ್ಷೆಯಲ್ಲಿ ಫೇಲಾದದ್ದುಂಟು.

ದೇಶದ ರಾಷ್ಟ್ರಪತಿಯನ್ನು ಅಳೆಯುವಾಗಲೂ ನನಗೆ ಇದೇ ಅಳತೆ ನೆನಪಾಗುತ್ತದೆ. ಸಂವಿಧಾನ ಅವರ ಬಗ್ಗೆ ಬರೆದಿರುವುದು ಕೆಲವು ಪುಟ. ನಡವಳಿಕೆಗೆ ಬಿಟ್ಟಿರುವುದು ಬಹಳ. ಎಷ್ಟು ಸಲ ಬೇಕಾದರೂ ಆಯ್ಕೆಯಾಗಬಹುದು ಎನ್ನುತ್ತದೆ ಸಂವಿಧಾನ. ಆದರೆ ರಾಜೇಂದ್ರ ಪ್ರಸಾದರ ನಂತರ ಯಾರೊಬ್ಬರೂ ಎರಡನೆಯ ಸಲ ಆ ಕುರ್ಚಿಗೆ ಆಯ್ಕೆಯಾಗಿಲ್ಲ. ಯಾರೂ ಬರೆಯದ ನಿಯಮ ಇದು.

ಈ ಬರೆಯದ ನಿಯಮಗಳ ನಡುವೆ ಒಮ್ಮೆ ನಮ್ಮ ಕನ್ನಡಿಗರೊಬ್ಬರು ಸಿಕ್ಕಿಕೊಂಡರು. ಬಸಪ್ಪ ದಾನಪ್ಪ ಜತ್ತಿ, ಜಮಖಂಡಿ ಸೀಮೆಯ ಸಾವಳಗಿಯವರು. 1958ರಿಂದ 1962ರವರೆಗೆ ಮೈಸೂರಿನ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಮುಂದಿನ ತಿಂಗಳೇ ಚುನಾವಣೆ ನಡೆದು, ಇಂದಿರಾಗಾಂಧಿ ಸೋತು, ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸುವ ಕೆಲಸ ಕಾಂಗ್ರೆಸ್ಸಿನಲ್ಲೇ ತಲೆ ನರೆತ ಜತ್ತಿಯವರ ಪಾಲಿಗೆ ಬಂತು.

ಏಪ್ರಿಲ್ 18ರಂದು ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ಕಾಂಗ್ರೆಸ್ ರಾಜ್ಯಗಳ ಮುಖ್ಯಮಂತ್ರಿಗಳಿಗೆ, ವಿಧಾನಸಭೆ ವಿಸರ್ಜಿಸಲು ಶಿಫಾರಸು ಮಾಡಿ ಎಂದು ಪತ್ರ ಬರೆದರು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. 29ರಂದು ಕೋರ್ಟು ಅವುಗಳ ದಾವೆಯನ್ನು ವಜಾ ಮಾಡಿತು. ಸಂಪುಟದ ಶಿಫಾರಸು ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ರುಜು ಮಾಡಲಿಲ್ಲ. ದೆಹಲಿಯಲ್ಲಿ ಗುಲ್ಲೆದ್ದಿತು. ಮರುದಿನ, 30ರಂದು, ರುಜು ಬಿತ್ತು.

ಇಷ್ಟೇ ಕಥೆ. ಆದರೆ ಅಂದಿನಿಂದ ಆ ಒಂದು ದಿನವನ್ನು ಎರಡು ರೀತಿ ಓದುತ್ತ ಬಂದಿದ್ದಾರೆ. ಹಳೆಯ ಪಕ್ಷದ ಋಣ ತೀರಿಸಿದರು ಎನ್ನುವವರೊಬ್ಬರು. ಒಂಬತ್ತು ರಾಜ್ಯಗಳ ಸರ್ಕಾರವನ್ನು ಒಂದೇ ಗೀಟಿನಲ್ಲಿ ಕಿತ್ತೊಗೆಯುವ ಮುನ್ನ ಮನುಷ್ಯನಾದವನು ಒಂದು ರಾತ್ರಿಯಾದರೂ ಯೋಚಿಸಬೇಡವೇ ಎನ್ನುವವರು ಇನ್ನೊಬ್ಬರು. 1976ರ 42ನೆಯ ತಿದ್ದುಪಡಿ ಸಂಪುಟದ ಸಲಹೆಯಂತೆ ನಡೆಯಲೇಬೇಕು ಎಂದು ಕಟ್ಟಿಹಾಕಿತ್ತು. ಆ ಕಟ್ಟನ್ನು ಹಾಕಿದ್ದು ಅವರ ಪಕ್ಷವೇ ಎಂಬುದು ತಮಾಷೆ.

ನಾನು ಎರಡನೆಯವರ ಕಡೆ, ಆದರೆ ಪೂರ್ತಿಯಾಗಿ ಅಲ್ಲ. ಹೋಲಿಸಬೇಕಾದದ್ದು 1975ರ ಜೂನ್ 25ರ ರಾತ್ರಿಯೊಡನೆ. ಅಂದು ಪ್ರಧಾನಿಯೊಬ್ಬರ ಮಾತಿನ ಮೇಲೆ ತುರ್ತುಪರಿಸ್ಥಿತಿಯ ಕಾಗದಕ್ಕೆ ರುಜು ಬಿದ್ದಿತ್ತು. ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ. ಕೇಳಬೇಕಾದ ಪ್ರಶ್ನೆ ಅಂಥ ಗಹನವಾದದ್ದೇನಲ್ಲ, "ಸಂಪುಟ ಸೇರಿತೇ?" ಎಂಬ ಎರಡು ಮಾತು. ಅದರ ಪಕ್ಕದಲ್ಲಿಟ್ಟರೆ ಜತ್ತಿಯವರ ಒಂದು ದಿನ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಇದೇ ಶಿಫಾರಸು ಅವರ ಸ್ವಂತ ಪಕ್ಷದಿಂದ ಬಂದಿದ್ದರೆ ಆಗಲೂ ತಡೆಯುತ್ತಿದ್ದರೇ? ಅರಳಿಕಟ್ಟೆಯವರಾದರೆ ಕೇಳುವುದು ಇದನ್ನೇ, ದಾಯಾದಿಯ ವ್ಯಾಜ್ಯದ ಪ್ರಶ್ನೆ. ಆ ಪರೀಕ್ಷೆಗೆ ಕೂರುವ ಸಂದರ್ಭ ಜತ್ತಿಯವರಿಗೆ ಒದಗಲಿಲ್ಲ. ನಮ್ಮ ಮುಳಬಾಗಿಲಿನಲ್ಲೇ ಹುಟ್ಟಿ, 'ರಾಜ್ಯಶಾಸ್ತ್ರ' ಬರೆದ ಡಿ.ವಿ.ಜಿ. ಏನೆನ್ನುತ್ತಿದ್ದರೋ, ಅವರು 1975ರ ಅಕ್ಟೋಬರಿನಲ್ಲೇ ಹೋಗಿಬಿಟ್ಟಿದ್ದರು.

ಮುಂದೆ 1978ರ 44ನೆಯ ತಿದ್ದುಪಡಿ, ಇನ್ನೊಮ್ಮೆ ಯೋಚಿಸಿ ಎಂದು ಸಂಪುಟಕ್ಕೆ ಹೇಳುವ ಹಕ್ಕನ್ನು ರಾಷ್ಟ್ರಪತಿಗೆ ಕೊಟ್ಟಿತು. ಜತ್ತಿಯವರ ಕಾಲಕ್ಕೆ ಬರೀ ಮುಜುಗರವಾಗಿದ್ದದ್ದು ಈಗ ಬರಹಕ್ಕಿಳಿಯಿತು. 1997ರಲ್ಲಿ ಉತ್ತರಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಕೆ.ಆರ್. ನಾರಾಯಣನ್ ಆ ಹಕ್ಕು ಚಲಾಯಿಸಿ ಕಾಗದ ಹಿಂದಕ್ಕೆ ಕಳಿಸಿದರು. ಎರಡು ಸಲ ಕಳಿಸಿದವರೂ ಎರಡು ಬೇರೆ ಪಕ್ಷದ ಸರ್ಕಾರಗಳು. ಅಳತೆಗೆ ಸಿಗುವ ರಾಷ್ಟ್ರಪತಿ ಎಂದರೆ ನನಗೆ ಅವರೇ.

ಜತ್ತಿಯವರು 1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಅಧಿಕಾರ ಒಪ್ಪಿಸಿ, ಉಪರಾಷ್ಟ್ರಪತಿಯ ಹಳೆಯ ಕುರ್ಚಿಗೆ ಮರಳಿ, ಇನ್ನೆರಡು ವರ್ಷ ರಾಜ್ಯಸಭೆಯನ್ನು ನಡೆಸಿಕೊಂಡು ಹೋದರು.